ಕೂದಲು ಹೋಗಲಿಲ್ಲ, ಕಲೆ ಬಂತು

‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ.’ ನನ್ನ ಬಗ್ಗೆ ನೆಂಟರು ಹೇಳುತ್ತಿದ್ದ ಒಳ್ಳೆಯ ಮಾತು ಇದೊಂದೇ. ಚಿಕ್ಕವಳಿದ್ದಾಗ ಇದನ್ನು ಹೊಗಳಿಕೆ ಅಂದುಕೊಂಡಿದ್ದೆ. ಪಿಯುಸಿ ಮುಗಿಯುವ ಹೊತ್ತಿಗೆ ಗದ್ದದ ಕೆಳಗೆ ಒಂದೊಂದೇ ದಪ್ಪ ಕೂದಲು ಬರತೊಡಗಿತು. ಕಳೆದ ವರ್ಷ ಚಿಕ್ಕಪ್ಪನ ಮಗಳ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಅತ್ತೆ, ‘ಏನೇ ಇದು, ಗಡ್ಡ ಬಿಡ್ತಾ ಇದೀಯಾ?’ ಎಂದು ನಕ್ಕರು. ಪಕ್ಕದವರೂ ನಕ್ಕರು. ಪಾಯಸ ಬಡಿಸುತ್ತಿದ್ದ ಹುಡುಗನೂ ನಕ್ಕ. ನಾನು ಪಾಯಸ ಮುಟ್ಟದೆ ಎದ್ದುಬಿಟ್ಟೆ.

ಅಂದಿನಿಂದ ಹಾಸ್ಟೆಲ್‌ನಲ್ಲಿ ನನ್ನ ಬೆಳಗು ಶುರುವಾಗುತ್ತಿದ್ದುದು ಪ್ಲಕರ್ ಮತ್ತು ಮೊಬೈಲ್ ಟಾರ್ಚ್ ಜೊತೆ. ರೂಮ್‌ಮೇಟ್ ಏಳುವ ಮೊದಲೇ ಎಲ್ಲ ಕಿತ್ತು ಮುಗಿಸಿರಬೇಕು. ಐದನೇ ಸೆಮಿಸ್ಟರ್ ಮುಗಿದು ಇಂಟರ್ನ್‌ಶಿಪ್ ಇಂಟರ್‌ವ್ಯೂಗಳು ಹತ್ತಿರವಾದಾಗ ಮೊಬೈಲ್‌ನಲ್ಲಿ ಒಂದು ಜಾಹೀರಾತು ಕಾಣಿಸಿತು. ಆರು ಸೆಷನ್, ಶಾಶ್ವತ ಪರಿಹಾರ, ನೋವೇ ಇಲ್ಲ, ವಿದ್ಯಾರ್ಥಿಗಳಿಗೆ ರಿಯಾಯಿತಿ. ಸ್ಕಾಲರ್‌ಶಿಪ್ ಹಣ ಅದೇ ವಾರ ಖಾತೆಗೆ ಬಂದಿತ್ತು. ಅಮ್ಮನಿಗೂ ಹೇಳದೆ ಎಂಟು ಸಾವಿರ ಕಟ್ಟಿದೆ.

ನಾನು ಅಲ್ಲಿಗೆ ಹೋದದ್ದು ಎನ್‌ಎಸ್‌ಎಸ್ ಶಿಬಿರ ಮುಗಿಸಿ ಬಂದ ನಾಲ್ಕನೇ ದಿನ. ಏಳು ದಿನ ಬಿಸಿಲಲ್ಲಿ ಗುಂಡಿ ತೋಡಿ, ಗಿಡ ನೆಟ್ಟು ಮುಖ ಇನ್ನೂ ಒಂದು ಸುತ್ತು ಕಪ್ಪಾಗಿತ್ತು. ಬಿಳಿ ಕೋಟು ಹಾಕಿದ್ದ ಯುವತಿ ಹೆಸರು, ಫೋನ್ ನಂಬರ್ ಬರೆದುಕೊಂಡರು. ಬಿಸಿಲಲ್ಲಿ ತಿರುಗಿದ್ದೀರಾ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಮುಟ್ಟು ಸರಿಯಾಗಿ ಆಗುತ್ತಿದೆಯಾ, ಒಂದನ್ನೂ ಕೇಳಲಿಲ್ಲ. ‘ನಂದು ಸ್ವಲ್ಪ ಕಪ್ಪು ಸ್ಕಿನ್, ಏನಾದ್ರೂ ಆಗುತ್ತಾ?’ ಎಂದು ನಾನೇ ಕೇಳಿದೆ. ‘ಎಲ್ಲಾ ಸ್ಕಿನ್‌ಗೂ ಆಗುತ್ತೆ ಮೇಡಂ, ಭಯ ಪಡಬೇಡಿ’ ಎಂದರು. ಕ್ಯಾಮೆರಾ ಫ್ಲ್ಯಾಶ್‌ನಂತೆ ಬೆಳಕು ಹೊಡೆಯಿತು. ಕೂದಲು ಸುಟ್ಟ ವಾಸನೆ ಬಂತು. ಉರಿಯುತ್ತಿದೆ ಎಂದೆ. ‘ಉರಿ ಇದ್ರೆ ಕೆಲಸ ಮಾಡ್ತಾ ಇದೆ ಅಂತ ಅರ್ಥ’ ಎಂದರು.

ಆ ರಾತ್ರಿ ಗದ್ದದ ಮೇಲೆ ನೀರುಗುಳ್ಳೆ ಎದ್ದವು. ಹೆದರಿ ಟೂತ್‌ಪೇಸ್ಟ್ ಹಚ್ಚಿದೆ. ಅದು ಎರಡನೇ ತಪ್ಪು. ಎರಡು ವಾರದಲ್ಲಿ ಗುಳ್ಳೆ ಒಣಗಿ ಸಿಪ್ಪೆ ಉದುರಿದ ಜಾಗದಲ್ಲಿ ಕಾಫಿಪುಡಿ ಬಣ್ಣದ ಕಲೆಗಳು ಉಳಿದವು. ಒಂದೊಂದೂ ಚೌಕಾಕಾರ, ಆ ಯಂತ್ರದ ತುದಿ ಎಷ್ಟಿತ್ತೋ ಅಷ್ಟೇ. ರಬ್ಬರ್ ಸ್ಟಾಂಪ್ ಒತ್ತಿದ ಹಾಗೆ.

ಹತ್ತು ಮಾರ್ಕ್ಸ್‌ನ ಪಾಠ

ನಾಚಿಕೆಯ ಸಂಗತಿ ಏನೆಂದರೆ, ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್. ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಲೇಸರ್ ಒಂದು ಅಧ್ಯಾಯವೇ ಇತ್ತು. ಹತ್ತು ಮಾರ್ಕ್ಸ್ ಗ್ಯಾರಂಟಿ ಎಂದು ಎಲ್ಲರೂ ಬಾಯಿಪಾಠ ಮಾಡಿದ್ದೆವು. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಮಾಡಿದರು, ಅದು ರೂಬಿ ಲೇಸರ್, 694 ನ್ಯಾನೋಮೀಟರ್ ಕೆಂಪು ಬೆಳಕು ಎಂದು ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಅದೇ ಜಾತಿಯ ಬೆಳಕು ನನ್ನ ಮುಖಕ್ಕೆ ಬಂದಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುಖ ಸುಟ್ಟ ಮೇಲೆ ಕೂತು ಓದಿದೆ. ಓದಿದ್ದು ಇಷ್ಟು.

ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವುದು ಮೆಲನಿನ್ ಎಂಬ ಒಂದೇ ವಸ್ತು. ಕೂದಲು ತೆಗೆಯುವ ಲೇಸರ್‌ನ ಬೆಳಕು ಹುಡುಕುವುದು ಈ ಮೆಲನಿನ್ ಅನ್ನು. ಕೂದಲ ಬುಡದಲ್ಲಿರುವ ಮೆಲನಿನ್ ಬೆಳಕನ್ನು ಹೀರಿ ಬಿಸಿಯಾಗುತ್ತದೆ, ಆ ಬಿಸಿಗೆ ಕೂದಲು ಹುಟ್ಟುವ ಜಾಗವೇ ಹಾಳಾಗುತ್ತದೆ. ಸುತ್ತಲಿನ ಚರ್ಮಕ್ಕೆ ತೊಂದರೆಯಾಗದಂತೆ ಬೇಕಾದ ಗುರಿಯನ್ನಷ್ಟೇ ಬೆಳಕಿನಿಂದ ಸುಡಬಹುದು ಎಂಬ ಈ ತತ್ವವನ್ನು 1983ರಲ್ಲಿ ಅಮೆರಿಕದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯ ವಿಜ್ಞಾನಿಗಳು ಮಂಡಿಸಿದರು.

ಬಿಳಿ ಚರ್ಮ, ಕಪ್ಪು ಕೂದಲು ಇದ್ದವರಿಗೆ ಇದು ಸಲೀಸು. ಬೆಳಕಿಗೆ ಕಾಣುವ ಕಪ್ಪು ವಸ್ತು ಕೂದಲೊಂದೇ. ನಮ್ಮಂಥವರ ಚರ್ಮದ ಮೇಲ್ಪದರದಲ್ಲೇ ಮೆಲನಿನ್ ತುಂಬಿಕೊಂಡಿದೆ. ಬೆಳಕು ಕೂದಲ ಬುಡ ತಲುಪುವ ಮೊದಲೇ ಚರ್ಮ ಅದನ್ನು ಹೀರಿಬಿಡುತ್ತದೆ. ಕಾಲೇಜಿನ ಪಾರ್ಕಿಂಗ್‌ನಲ್ಲಿ ಮಧ್ಯಾಹ್ನದವರೆಗೆ ನಿಲ್ಲಿಸಿದ ಬೈಕಿನ ಕಪ್ಪು ಸೀಟಿನ ಮೇಲೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೂದಲಿಗೆ ಹೋಗಬೇಕಾದ ಬಿಸಿ ಚರ್ಮಕ್ಕೆ ಹೋಗುತ್ತದೆ. ಸುಡುತ್ತದೆ, ಗುಳ್ಳೆ ಏಳುತ್ತದೆ.

ಉದ್ದ ತರಂಗ, ಉದ್ದ ಪಲ್ಸ್

ಹಾಗಾದರೆ ಕಪ್ಪು ಚರ್ಮದವರಿಗೆ ಲೇಸರ್ ಆಗುವುದೇ ಇಲ್ಲವೇ? ಆಗುತ್ತದೆ. ಆದರೆ ಯಾವ ಲೇಸರ್ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ತರಂಗದ ಉದ್ದ ಹೆಚ್ಚಿದಷ್ಟೂ ಮೆಲನಿನ್ ಬೆಳಕು ಹೀರುವುದು ಕಡಿಮೆ. ರೂಬಿ 694 ನ್ಯಾನೋಮೀಟರ್, ಅಲೆಕ್ಸಾಂಡ್ರೈಟ್ 755, ಡಯೋಡ್ ಸುಮಾರು 810, ಎನ್‌ಡಿ-ಯಾಗ್ 1064. ಮೊದಲ ಎರಡು ಬಿಳಿ ಚರ್ಮಕ್ಕೆ ಒಗ್ಗುವಂಥವು. ಡಯೋಡ್ ಅನ್ನು ಅನುಭವಿ ವೈದ್ಯರು ಎಚ್ಚರಿಕೆಯಿಂದ ನಮ್ಮ ಚರ್ಮಕ್ಕೂ ಬಳಸುತ್ತಾರೆ. ತೀರಾ ಕಪ್ಪು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತ ಎನಿಸಿಕೊಂಡಿರುವುದು ಎನ್‌ಡಿ-ಯಾಗ್. ಅದರ ಬೆಳಕು ಮೇಲ್ಪದರವನ್ನು ಹೆಚ್ಚು ಕೆಣಕದೆ ಆಳಕ್ಕೆ ಇಳಿಯುತ್ತದೆ. ಅದಕ್ಕೂ ಮಿತಿಯಿದೆ. ಕೂದಲಿನ ಮೆಲನಿನ್ ಕೂಡ ಅದನ್ನು ಕಡಿಮೆಯೇ ಹೀರುವುದರಿಂದ ತೆಳು ಕೂದಲಿಗೆ ಅಷ್ಟಾಗಿ ಕೆಲಸ ಮಾಡದು, ನೋವೂ ಹೆಚ್ಚು.

ಎರಡನೆಯದು ಪಲ್ಸ್ ಎಷ್ಟು ಹೊತ್ತು ಎಂಬುದು. ಎಲೆಕ್ಟ್ರಾನಿಕ್ಸ್‌ನವರಿಗೆ ಆರ್‌ಸಿ ಸರ್ಕ್ಯೂಟ್‌ನ ಟೈಮ್ ಕಾನ್‌ಸ್ಟಂಟ್ ಗೊತ್ತಲ್ಲ, ಬಿಸಿಗೂ ಅಂಥದ್ದೇ ಒಂದು ಲೆಕ್ಕವಿದೆ. ಚರ್ಮದ ತೆಳುವಾದ ಮೇಲ್ಪದರ ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಬಿಸಿ ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ದಪ್ಪ ಕೂದಲ ಬುಡ ತಣಿಯಲು ಹತ್ತಾರು ಮಿಲಿಸೆಕೆಂಡ್ ಬೇಕು. ಶಕ್ತಿಯನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಹಿಗ್ಗಿಸಿ ಕೊಟ್ಟರೆ ಚರ್ಮಕ್ಕೆ ತಣಿಯಲು ಸಮಯ ಸಿಗುತ್ತದೆ, ಕೂದಲು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಜೊತೆಗೆ ತಣ್ಣನೆಯ ತುದಿ, ತಂಪು ಗಾಳಿ ಅಥವಾ ತಂಪು ಸ್ಪ್ರೇಯಿಂದ ಚರ್ಮವನ್ನು ಆಗಾಗ ತಣಿಸುತ್ತಲೇ ಇರಬೇಕು. ತರಂಗದ ಉದ್ದ, ಪಲ್ಸ್, ಪ್ರತಿ ಚದರ ಸೆಂಟಿಮೀಟರ್‌ಗೆ ಎಷ್ಟು ಜೂಲ್, ತಂಪು ಮಾಡುವ ವಿಧಾನ, ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕಪ್ಪು ಚರ್ಮ ಕ್ಷಮಿಸುವುದಿಲ್ಲ.

ಇನ್ನೊಂದು ವಿಷಯ ತಿಳಿದಾಗ ತಲೆ ಚಚ್ಚಿಕೊಳ್ಳುವಂತಾಯಿತು. ನನಗೆ ಹೊಡೆದದ್ದು ಲೇಸರ್ರೇ ಅಲ್ಲದಿರಬಹುದು! ಐಪಿಎಲ್ ಎಂದರೆ ನಮಗೆ ಕ್ರಿಕೆಟ್. ಚರ್ಮದವರ ಭಾಷೆಯಲ್ಲಿ ಅದು ಇಂಟೆನ್ಸ್ ಪಲ್ಸ್ಡ್ ಲೈಟ್, ಅಂದರೆ ಜೋರಾದ ಫ್ಲ್ಯಾಶ್ ದೀಪ. ಲೇಸರ್‌ನಲ್ಲಿ ಒಂದೇ ತರಂಗ. ಐಪಿಎಲ್‌ನಲ್ಲಿ ಸುಮಾರು 500ರಿಂದ 1200 ನ್ಯಾನೋಮೀಟರ್‌ವರೆಗಿನ ತರಂಗಗಳೆಲ್ಲ ಒಟ್ಟಿಗೆ ಬರುತ್ತವೆ, ಫಿಲ್ಟರ್ ಹಾಕಿ ಒಂದಷ್ಟನ್ನು ತಡೆಯುತ್ತಾರೆ. ಚಿಕ್ಕ ತರಂಗಗಳು ಕಪ್ಪು ಚರ್ಮವನ್ನು ಸುಡುವ ಸಾಧ್ಯತೆ ಹೆಚ್ಚು. ಬೋರ್ಡಿನ ಮೇಲೆ ಮಾತ್ರ ಎರಡಕ್ಕೂ ‘ಲೇಸರ್’ ಎಂದೇ ಬರೆದಿರುತ್ತಾರೆ. ಆನ್‌ಲೈನ್‌ನಲ್ಲಿ ಸಿಗುವ ಮನೆಬಳಕೆಯ ಯಂತ್ರಗಳಲ್ಲೂ ಹೆಚ್ಚಿನವು ಐಪಿಎಲ್. ಅವುಗಳ ಡಬ್ಬಿಯೊಳಗೆ ಮೈಬಣ್ಣಗಳ ಪಟ್ಟಿ ಇರುತ್ತದೆ. ತೀರಾ ಕಪ್ಪು ಬಣ್ಣದ ಚೌಕದ ಎದುರು ಬಳಸಬೇಡಿ ಎಂಬ ಗುರುತು ಇರುತ್ತದೆ. ಕೊಳ್ಳುವ ಮೊದಲು ಆ ಪಟ್ಟಿ ನೋಡುವವರು ಎಷ್ಟು ಜನ?

ಆರು ಬಣ್ಣದ ಲೆಕ್ಕ

ಕಲೆ ಮಾಸದಿದ್ದಾಗ ಅಮ್ಮನಿಗೆ ಹೇಳಲೇಬೇಕಾಯಿತು. ಬೈಯುತ್ತಾರೆ ಅಂದುಕೊಂಡಿದ್ದೆ. ‘ನಂಗೊಂದು ಮಾತು ಹೇಳ್ಬಾರ್ದಿತ್ತಾ ಮಗಳೇ’ ಎಂದಷ್ಟೇ ಹೇಳಿ, ಮಾರನೇ ದಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋದರು. ಸಾಲಿನಲ್ಲಿ ಎರಡು ಗಂಟೆ ನಿಂತೆವು. ಚೀಟಿಗೆ ಕೊಟ್ಟದ್ದು ಒಂದು ಕಾಫಿಯ ದುಡ್ಡು.

ಡಾಕ್ಟರ್ ಮೊದಲು ಕೇಳಿದ್ದು, ‘ಬಿಸಿಲಿಗೆ ಹೋದ್ರೆ ನಿನ್ನ ಚರ್ಮ ಕೆಂಪಗಾಗುತ್ತಾ, ಕಪ್ಪಗಾಗುತ್ತಾ?’ ಕಪ್ಪಗಾಗುತ್ತದೆ ಎಂದೆ. ಆಗ ಅವರು ಫಿಟ್ಜ್‌ಪ್ಯಾಟ್ರಿಕ್ ವರ್ಗೀಕರಣದ ಬಗ್ಗೆ ಹೇಳಿದರು. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಅಮೆರಿಕದ ಚರ್ಮವೈದ್ಯರು 1975ರಲ್ಲಿ, ಬಿಸಿಲಿಗೆ ಚರ್ಮ ಹೇಗೆ ಸ್ಪಂದಿಸುತ್ತದೆ ಎಂಬುದರ ಮೇಲೆ ಮಾಡಿದ ಲೆಕ್ಕ ಇದು. ಮೊದಲು ಬಿಳಿಯರನ್ನಷ್ಟೇ ನಾಲ್ಕು ಗುಂಪು ಮಾಡಿದ್ದರು. ಕಂದು ಮತ್ತು ಕಪ್ಪು ಚರ್ಮಕ್ಕೆ ಐದು, ಆರನೇ ಗುಂಪುಗಳು ಸೇರಿದ್ದು ಆಮೇಲೆ. ನಮ್ಮಲ್ಲಿ ಹೆಚ್ಚಿನವರು ನಾಲ್ಕು ಮತ್ತು ಐದನೇ ಗುಂಪಿನವರು. ನಾನು ಐದು. ಶಿಬಿರದ ಬಿಸಿಲು ತಿಂದು ಹೋಗಿದ್ದರಿಂದ ಆ ದಿನ ನನ್ನ ಚರ್ಮದಲ್ಲಿ ಮೆಲನಿನ್ ಮಾಮೂಲಿಗಿಂತ ಹೆಚ್ಚಿತ್ತು. ‘ಬಿಸಿಲಲ್ಲಿ ಕಪ್ಪಾಗಿ ಬಂದವರಿಗೆ ನಾವು ಅಂದು ಲೇಸರ್ ಮಾಡಲ್ಲಮ್ಮ, ಕೆಲವು ವಾರ ಬಿಟ್ಟು ಬನ್ನಿ ಅಂತೀವಿ’ ಎಂದರು.

ನನಗಾದ ಕಲೆಗೆ ಉರಿಯೂತದ ನಂತರದ ಕಪ್ಪುಕಲೆ ಎನ್ನಬಹುದು. ಸೊಳ್ಳೆ ಕಚ್ಚಿದರೂ ಮೊಡವೆ ಒಡೆದರೂ ನಮ್ಮ ಚರ್ಮದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದಲ್ಲ, ಅದೇ. ಗಾಯಗೊಂಡ ಚರ್ಮ ಗಾಬರಿಯಾಗಿ ಹೆಚ್ಚು ಮೆಲನಿನ್ ಸುರಿಸುತ್ತದೆ. ಇದು ಮಾಸಲು ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಬಿಸಿಲು ಬಿದ್ದರೆ ಇನ್ನೂ ಕಪ್ಪಾಗುತ್ತದೆ. ಕೆಲವರಿಗೆ ಇದರ ತದ್ವಿರುದ್ಧವಾಗಿ ಬಣ್ಣ ಮಾಡುವ ಕೋಶಗಳೇ ಪೆಟ್ಟು ತಿಂದು ಬಿಳಿ ಕಲೆ ಉಳಿಯುತ್ತದೆ. ಸುಟ್ಟಗಾಯ ಆಳವಾದರೆ ಗಂಟುಗಟ್ಟಿದ ಗಾಯದ ಗುರುತು ಶಾಶ್ವತವಾಗಬಹುದು.

ತೆಗೆಯಲು ಹೋದರೆ ಹೆಚ್ಚಾಗುವ ಕೂದಲು

ಕಲೆಗಿಂತ ನನ್ನನ್ನು ಹೆದರಿಸಿದ್ದು ಬೇರೆ. ಲೇಸರ್ ಆದ ಮೇಲೆ ಕೂದಲು ಕಡಿಮೆಯಾಗುವ ಬದಲು ಹೆಚ್ಚಾಗುವುದೂ ಉಂಟು. ಕೂದಲ ಬುಡ ಸಾಯುವಷ್ಟು ಬಿಸಿ ತಲುಪದೆ ಉಗುರುಬೆಚ್ಚಗಾದರೆ, ಮಲಗಿದ್ದ ತೆಳು ರೋಮಗಳು ಎಚ್ಚೆತ್ತು ದಪ್ಪ ಕೂದಲಾಗುತ್ತವೆ ಎಂಬುದು ವೈದ್ಯರು ಕೊಡುವ ಒಂದು ವಿವರಣೆ. ಇದು ಹೆಚ್ಚು ಕಾಣುವುದು ನಮ್ಮಂಥ ಮೈಬಣ್ಣದ ಹೆಣ್ಣುಮಕ್ಕಳ ಮುಖ ಮತ್ತು ಕುತ್ತಿಗೆಯಲ್ಲಿ, ಅದರಲ್ಲೂ ಹಾರ್ಮೋನ್ ಏರುಪೇರು ಇದ್ದವರಲ್ಲಿ. ಸುಡದಿರಲಿ ಎಂದು ಶಕ್ತಿ ತೀರಾ ಕಡಿಮೆ ಇಟ್ಟರೆ ಹೀಗೆ, ಹೆಚ್ಚು ಇಟ್ಟರೆ ಸುಟ್ಟಗಾಯ. ನಡುವೆ ಇರುವ ಸಣ್ಣ ದಾರಿಯನ್ನು ಹುಡುಕಲು ಅನುಭವ ಬೇಕು.

ಡಾಕ್ಟರ್ ಕೇಳಿದ ಇನ್ನೊಂದು ಪ್ರಶ್ನೆ: ‘ಮುಟ್ಟು ಪ್ರತಿ ತಿಂಗಳು ಆಗುತ್ತಾ?’ ಎರಡು ತಿಂಗಳಿಗೊಮ್ಮೆ, ಕೆಲವೊಮ್ಮೆ ಮೂರು ಎಂದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆಯಿತು. ನನಗೆ ಪಿಸಿಒಎಸ್ ಇತ್ತು. ಗದ್ದದ ಕೂದಲು ಅಂದದ ಸಮಸ್ಯೆಯೇ ಆಗಿರಲಿಲ್ಲ, ದೇಹ ಮೂರು ವರ್ಷದಿಂದ ಕೊಡುತ್ತಿದ್ದ ಸೂಚನೆ ಅದು. ಹಾರ್ಮೋನ್ ಹತೋಟಿಗೆ ಬರದೆ ಎಷ್ಟು ಸೆಷನ್ ಮಾಡಿಸಿದರೂ ಹೊಸ ಕೂದಲು ಹುಟ್ಟುತ್ತಲೇ ಇರುತ್ತದೆ. ಎಂಟು ಸಾವಿರ ತೆಗೆದುಕೊಂಡವರು ಆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಇನ್ನು ‘ಶಾಶ್ವತ’ ಎಂಬ ಮಾತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇಂಥ ಲೇಸರ್‌ಗಳಿಗೆ ಒಪ್ಪಿರುವ ಪದ ಕೂದಲಿನ ‘ಶಾಶ್ವತ ಕಡಿತ’, ‘ಶಾಶ್ವತ ನಿರ್ಮೂಲನೆ’ ಅಲ್ಲ. ಕೂದಲ ಸಂಖ್ಯೆ ದೀರ್ಘಕಾಲ ಕಡಿಮೆಯಾಗಿರುತ್ತದೆ ಎಂದಷ್ಟೇ ಅರ್ಥ. ಬೆಳೆಯುವ ಹಂತದಲ್ಲಿರುವ ಕೂದಲಿಗೆ ಮಾತ್ರ ಲೇಸರ್ ಸರಿಯಾಗಿ ತಾಗುವುದರಿಂದ ಹಲವು ವಾರಗಳ ಅಂತರದಲ್ಲಿ ಆರೆಂಟು ಸೆಷನ್ ಬೇಕು. ಬಿಳಿ ಕೂದಲಿಗೆ ಕೆಲಸವೇ ಮಾಡದು, ಹೀರಿಕೊಳ್ಳಲು ಅಲ್ಲಿ ಮೆಲನಿನ್ನೇ ಇಲ್ಲ.

ಮರಗಟ್ಟಿಸುವ ಕ್ರೀಮ್

ನೋವು ತಿಳಿಯದಿರಲಿ ಎಂದು ಹಚ್ಚುವ ಕ್ರೀಮ್ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಯುವತಿಯರು ಲೇಸರ್‌ಗೆ ಮುಂಚೆ ಕಾಲುಗಳಿಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಔಷಧ ರಕ್ತಕ್ಕೆ ಸೇರಿ, ಫಿಟ್ಸ್ ಬಂದು, ಪ್ರಜ್ಞೆ ತಪ್ಪಿ ಇಬ್ಬರೂ ತೀರಿಕೊಂಡರು. ಇದನ್ನು ಉಲ್ಲೇಖಿಸಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2007ರಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ದೊಡ್ಡ ಜಾಗಕ್ಕೆ, ಡಾಕ್ಟರ್ ಹೇಳದೆ, ಮನೆಯಿಂದಲೇ ಹಚ್ಚಿಕೊಂಡು ಹೋಗುವುದು ಬೇಡ. ಕಪ್ಪು ಚರ್ಮದವರಿಗೆ ಇನ್ನೊಂದು ಅಪಾಯವೂ ಇದೆ. ಉರಿಯೇ ತಿಳಿಯದಿದ್ದರೆ ಸುಡುತ್ತಿರುವುದೂ ತಿಳಿಯುವುದಿಲ್ಲ.

ಹಣ ಕಟ್ಟುವ ಮೊದಲು

ಲೇಸರ್ ಮಾಡಿಸಬೇಡಿ ಎಂದು ನಾನು ಹೇಳುತ್ತಿಲ್ಲ. ನನ್ನ ಸೀನಿಯರ್ ಒಬ್ಬರು, ನನ್ನಷ್ಟೇ ಕಪ್ಪು, ಚರ್ಮವೈದ್ಯರ ಬಳಿ ಮಾಡಿಸಿಕೊಂಡು ಚೆನ್ನಾಗಿದ್ದಾರೆ. ಹೋಗುವುದಾದರೆ ಇಷ್ಟನ್ನು ಕೇಳಿ:

1. ಲೇಸರ್ ಮಾಡುವವರು ಯಾರು? ಚರ್ಮರೋಗ ತಜ್ಞರೇ ಅಥವಾ ಅವರ ಉಸ್ತುವಾರಿಯಲ್ಲಿ ತರಬೇತಾದವರೇ? ವೈದ್ಯರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಬಿಳಿ ಕೋಟು ಪದವಿಯಲ್ಲ.

2. ಕ್ಲಿನಿಕ್ ನೋಂದಣಿಯಾಗಿದೆಯೇ? ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಳ್ಳಬೇಕು.

3. ಯಂತ್ರ ಯಾವುದು, ಎಷ್ಟು ನ್ಯಾನೋಮೀಟರ್? ಲೇಸರ್ರೋ ಐಪಿಎಲ್ಲೋ?

4. ಮೊದಲು ಸಣ್ಣ ಜಾಗದಲ್ಲಿ ಪರೀಕ್ಷೆ ಮಾಡುತ್ತಾರೆಯೇ? ಕಪ್ಪು ಚರ್ಮದಲ್ಲಿ ಪರಿಣಾಮ ತಡವಾಗಿ ಕಾಣಿಸಬಹುದು. ಬಂದ ದಿನವೇ ಇಡೀ ಮುಖಕ್ಕೆ ಹೊಡೆಯುವವರಿಂದ ಎದ್ದು ಬನ್ನಿ.

5. ಕಣ್ಣಿಗೆ ಆ ಲೇಸರ್‌ಗೆ ತಕ್ಕ ಕನ್ನಡಕ ಕೊಡುತ್ತಾರೆಯೇ? 1064 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ರೆಟಿನಾ ಸುಡಬಲ್ಲದು. ಹುಬ್ಬಿನ ಕೆಳಗೆ, ರೆಪ್ಪೆಯ ಹತ್ತಿರ ಮಾಡಿಸಲೇಬೇಡಿ.

ನೀವೂ ಮುಚ್ಚಿಡದೆ ಹೇಳಬೇಕಾದವು ಇವೆ: ಮೊಡವೆಗೆ ತೆಗೆದುಕೊಳ್ಳುತ್ತಿರುವ ಮಾತ್ರೆ, ಬೆಳ್ಳಗಾಗಲು ಹಚ್ಚುತ್ತಿರುವ ಕ್ರೀಮ್, ಮುಟ್ಟಿನ ತೊಂದರೆ, ಇತ್ತೀಚಿನ ಬಿಸಿಲು. ಮಚ್ಚೆ, ಹಚ್ಚೆಗಳ ಮೇಲೆ ಲೇಸರ್ ಬೀಳಬಾರದು, ಅಲ್ಲಿಯೂ ಬಣ್ಣವೇ ಬಿಸಿ ಹೀರುತ್ತದೆ. ಕೆಲವು ವಾರ ಮುಂಚೆಯಿಂದ ಪ್ಲಕರ್, ಥ್ರೆಡ್ಡಿಂಗ್, ವ್ಯಾಕ್ಸಿಂಗ್ ನಿಲ್ಲಿಸಬೇಕು, ಬುಡವೇ ಇಲ್ಲದಿದ್ದರೆ ಲೇಸರ್ ಹುಡುಕುವುದೇನನ್ನು? ಶೇವ್ ಮಾಡಬಹುದು. ಶೇವ್ ಮಾಡಿದರೆ ಕೂದಲು ದಪ್ಪವಾಗುತ್ತದೆ ಎಂಬುದು ನಮ್ಮಜ್ಜಿಯೂ ನಂಬಿದ್ದ ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿ ಹಾಗೆ ಕಾಣುತ್ತದೆ, ಅಷ್ಟೇ.

ಲೇಸರ್ ಆದ ಮೇಲೆ ಕೂದಲ ಬುಡದ ಸುತ್ತ ಸಣ್ಣಗೆ ಊದಿಕೊಂಡು ಒಂದೆರಡು ದಿನದಲ್ಲಿ ಇಳಿಯುವುದು ಸಹಜ. ಗುಳ್ಳೆ ಎದ್ದರೆ, ಉರಿ ನಿಲ್ಲದಿದ್ದರೆ, ಚರ್ಮ ಬೂದು ಬಣ್ಣಕ್ಕೆ ತಿರುಗಿದರೆ ಸಹಜವಲ್ಲ. ತಣ್ಣೀರು ಹಾಕಿ, ಗುಳ್ಳೆ ಒಡೆಯಬೇಡಿ, ಪೇಸ್ಟ್, ಅರಿಶಿನ, ನಿಂಬೆರಸ ಯಾವುದೂ ಬೇಡ, ಚರ್ಮವೈದ್ಯರ ಬಳಿ ಹೋಗಿ. ಕೂದಲಿನ ಬಣ್ಣ, ಮೈಬಣ್ಣ ಎರಡನ್ನೂ ಲೆಕ್ಕಿಸದ ಎಲೆಕ್ಟ್ರಾಲಿಸಿಸ್ ಎಂಬ ವಿಧಾನವೂ ಇದೆ. ಒಂದೊಂದೇ ಕೂದಲ ಬುಡಕ್ಕೆ ಸಣ್ಣ ಸೂಜಿಯಿಂದ ವಿದ್ಯುತ್ ಕೊಡುತ್ತಾರೆ. ನಿಧಾನ, ನೋವೂ ಇದೆ, ಸರಿಯಾಗಿ ಮಾಡದಿದ್ದರೆ ಕಲೆಯೂ ಆದೀತು.

ನನ್ನ ಇಂಟರ್‌ವ್ಯೂ ಕಲೆಗಳ ಸಮೇತವೇ ಆಯಿತು. ಎದುರು ಕೂತವರು ಗದ್ದ ನೋಡಲಿಲ್ಲ, ಆಪ್-ಆಂಪ್ ಬಗ್ಗೆ ಕೇಳಿದರು. ಒಂದು ಉತ್ತರ ತಪ್ಪಿದೆ, ಸೆಲೆಕ್ಟ್ ಆಗಲಿಲ್ಲ. ತಪ್ಪಿದ್ದು ಮುಖದಿಂದಲ್ಲ ಎಂಬ ಸಮಾಧಾನವಿದೆ, ಮುಂದಿನ ಬಾರಿ ಓದಿಕೊಂಡು ಹೋಗಬಹುದು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಸಂಜೆ ಗ್ರೌಂಡ್‌ನಲ್ಲಿ ನಾಲ್ಕು ಸುತ್ತು ಓಡುತ್ತೇನೆ, ಸನ್‌ಸ್ಕ್ರೀನ್ ಹಚ್ಚುತ್ತೇನೆ. ಕಲೆ ಅರ್ಧ ಮಾಸಿದೆ.

ಕಳೆದ ವಾರ ಜೂನಿಯರ್ ಒಬ್ಬಳು ರೂಮಿಗೆ ಬಂದಳು. ಕೈಯಲ್ಲಿ ಮೊಬೈಲ್, ಅದರಲ್ಲಿ ಅದೇ ಬಗೆಯ ಆಫರ್. ‘ಅಕ್ಕಾ, ಇದು ಮಾಡಿಸ್ಲಾ?’ ಎಂದಳು. ಬೇಡ ಎನ್ನಲಿಲ್ಲ. ‘ಅವರಿಗೆ ಫೋನ್ ಮಾಡಿ, ಎಷ್ಟು ನ್ಯಾನೋಮೀಟರ್ ಅಂತ ಕೇಳು’ ಎಂದೆ. ಸ್ಪೀಕರ್ ಹಾಕಿ ಕೇಳಿದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮೇಡಂ, ನಮ್ದು ಇಂಪೋರ್ಟೆಡ್ ಮೆಷಿನ್’ ಎಂಬ ಉತ್ತರ ಬಂತು. ಅವಳು ನನ್ನ ಮುಖ ನೋಡಿದಳು, ಗದ್ದದ ಚೌಕಗಳನ್ನೂ ನೋಡಿದಳು. ‘ನಾಳೆ ನಿಮ್ಮ ಡಾಕ್ಟರ್ ಹತ್ರ ಹೋಗೋಣ್ವಾ ಅಕ್ಕಾ?’ ಎಂದು ಫೋನ್ ಕಟ್ ಮಾಡಿದಳು.